ಬೆಟ್ಟಾ ಮೀನು ರೆಕ್ಕೆ ಮುದುಡಿಕೊಂಡು ತಳ ಹಿಡಿದಿದೆ, ಬಾಲದ ಅಂಚು ಸವೆದಿದೆ: ಯಾವ ಕಾಯಿಲೆ, ಏನು ಹಾಕಬೇಕು?

ಸಣ್ಣತೊಟ್ಟಿ:

ಎಲ್ಲರಿಗೂ ನಮಸ್ಕಾರ. ಗಂಡು ಹಾಫ್‌ಮೂನ್ (ಬಾಲ ಅರ್ಧಚಂದ್ರದ ಹಾಗೆ ಬಿಚ್ಚುವ) ಬೆಟ್ಟಾ, ಕಡುನೀಲಿ ಬಣ್ಣ. ಊರು ಬೆಂಗಳೂರು. 6 ಲೀಟರಿನ ಗಾಜಿನ ಬೌಲ್, ಫಿಲ್ಟರ್ ಇಲ್ಲ, ಹೀಟರ್ ಇಲ್ಲ. ಅಡುಗೆಮನೆಯ ಆರ್‌ಒ ನೀರನ್ನೇ ಹಾಕುತ್ತಿದ್ದೇನೆ. ವಾರಕ್ಕೊಮ್ಮೆ ಪೂರ್ತಿ ನೀರು ಚೆಲ್ಲಿ, ಕಲ್ಲುಗಳನ್ನೂ ಉಜ್ಜಿ ತೊಳೆದು ಹೊಸ ನೀರು ತುಂಬುವುದು ರೂಢಿ. ಊಟ ಬೆಳಿಗ್ಗೆ ಸಂಜೆ ಐದೈದು ಪೆಲೆಟ್.

ಈಗಿನ ಲಕ್ಷಣಗಳು: ರೆಕ್ಕೆಗಳನ್ನೆಲ್ಲ ಮೈಗೆ ಅಂಟಿಸಿಕೊಂಡು ತಳದಲ್ಲೇ ಕೂತಿರುತ್ತೆ, ಗಾಳಿ ಕುಡಿಯಲು ಮಾತ್ರ ಮೇಲೆ ಬರುತ್ತೆ. ಬಾಲದ ತುದಿ ಎಳೆ ಎಳೆಯಾಗಿದೆ, ಅಂಚಿನಲ್ಲಿ ಕಂದು ಬಣ್ಣ. ಆಗಾಗ ಕಲ್ಲಿಗೆ ಮೈ ಉಜ್ಜಿ ಸರ್ರನೆ ಓಡುತ್ತೆ. ತಲೆಯ ಹಿಂಭಾಗದ ನೀಲಿ ಮಂಕಾಗಿದೆ. ಪೆಲೆಟ್ ಬಾಯಿಗೆ ಹಾಕಿಕೊಂಡು ಉಗುಳಿಬಿಡುತ್ತೆ. ಅಂಗಡಿಯಲ್ಲಿ ಮೆಥಿಲೀನ್ ಬ್ಲೂ ಬಾಟಲಿಯನ್ನೂ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನೂ ಕೊಟ್ಟು ಎರಡನ್ನೂ ಒಟ್ಟಿಗೆ ಹಾಕಿ ಎಂದಿದ್ದಾರೆ. ಇನ್ನೂ ಹಾಕಿಲ್ಲ. ಇದು ಫಿನ್ ರಾಟ್, ಅಂದರೆ ರೆಕ್ಕೆ ಕೊಳೆಯುವ ರೋಗ ಅಂತಲೇ ಹಿಡಿಯಬಹುದಾ? ಉಪ್ಪು ಹಾಕುವುದಾದರೆ ಎಷ್ಟು?

ಗುಳ್ಳೆಗೂಡು:

ಹಾಕದೆ ಇದ್ದದ್ದು ಒಳ್ಳೆಯದಾಯಿತು. ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಬಾಲ ಸವೆದಿರುವುದು ಎಲ್ಲರ ಕಣ್ಣಿಗೆ ಮೊದಲು ಬೀಳುತ್ತೆ, ಹಾಗಾಗಿ ಎಲ್ಲರೂ ಫಿನ್ ರಾಟ್ ಎಂದೇ ಶುರು ಮಾಡುತ್ತಾರೆ. ಆದರೆ ನೀವು ಬರೆದಿರುವುದರಲ್ಲಿ ಮುಖ್ಯ ಸುಳಿವು ಬಾಲವಲ್ಲ. ಕಲ್ಲಿಗೆ ಮೈ ಉಜ್ಜುವುದು ಮತ್ತು ತಲೆಯ ಹಿಂದಿನ ಮಂಕು, ಇವೆರಡು ಮುಖ್ಯ. ಬರೀ ಫಿನ್ ರಾಟ್ ಇರುವ ಮೀನು ಮೈ ಉಜ್ಜಿಕೊಳ್ಳುವುದಿಲ್ಲ. ಉಜ್ಜುತ್ತಿದೆ ಎಂದರೆ ಚರ್ಮದ ಮೇಲೋ ಕಿವಿರಿನಲ್ಲೋ ಏನೋ ಕಚ್ಚಿದೆ, ಇಲ್ಲವೇ ನೀರಿನಲ್ಲಿ ಅಮೋನಿಯಾ ಏರಿ ಉರಿಯುತ್ತಿದೆ.

ಇವತ್ತು ರಾತ್ರಿಯೇ ಟಾರ್ಚ್ ಪರೀಕ್ಷೆ ಮಾಡಿ. ಕೋಣೆಯ ದೀಪ ಆರಿಸಿ ಹತ್ತು ನಿಮಿಷ ಬಿಡಿ. ಮೊಬೈಲ್ ಟಾರ್ಚನ್ನು ಮೀನಿಗೆ ನೇರವಾಗಿ ಹಿಡಿಯಬೇಡಿ, ಮೇಲಿನಿಂದ ಓರೆಯಾಗಿ ಬೆನ್ನಿನ ಉದ್ದಕ್ಕೆ ಬೆಳಕು ಜಾರುವಂತೆ ಹಿಡಿದು, ನೀವು ಪಕ್ಕದಿಂದ ನೋಡಿ. ತಲೆಯ ಹಿಂದೆ, ಬೆನ್ನಿನ ಮೇಲೆ, ಕಿವಿರಿನ ಮುಚ್ಚಳದ ಮೇಲೆ ಅರಿಶಿನದ ಪುಡಿ ತೆಳ್ಳಗೆ ಉದುರಿಸಿದ ಹಾಗೆ ಕಂಡರೆ ಅದು ವೆಲ್ವೆಟ್. ಕಾರಣ ಪಿಸಿನೂಡಿನಿಯಂ ಎಂಬ ಪರಾವಲಂಬಿ. ನೀಲಿ, ತಾಮ್ರ ಬಣ್ಣದ ಬೆಟ್ಟಾಗಳಿಗೆ ಹುಟ್ಟಿನಿಂದಲೇ ಲೋಹದ ಹೊಳಪಿರುತ್ತೆ, ಅದನ್ನು ನೋಡಿ ಗಾಬರಿ ಬೀಳುವುದೂ ಉಂಟು. ಸಹಜ ಹೊಳಪು ಹುರುಪೆಯ ಸಾಲಿಗೆ ಸರಿಯಾಗಿ ಒಂದೇ ಕ್ರಮದಲ್ಲಿರುತ್ತೆ. ವೆಲ್ವೆಟ್ಟಿನ ಧೂಳು ಕ್ರಮವಿಲ್ಲದೆ ಚೆಲ್ಲಾಪಿಲ್ಲಿ ಇರುತ್ತೆ, ಬಣ್ಣವಿಲ್ಲದ ಪಾರದರ್ಶಕ ರೆಕ್ಕೆಯ ಮೇಲೂ ಕಾಣುತ್ತೆ. ಧೂಳಿನ ಬದಲು ಒಂದೊಂದಾಗಿ ಎಣಿಸಬಹುದಾದ, ಸ್ವಲ್ಪ ಉಬ್ಬಿದ ಬಿಳಿ ಚುಕ್ಕೆಗಳಿದ್ದರೆ ಅದು ಇಕ್, ಬೇರೆ ಕಾಯಿಲೆ.

ಬಾಲವನ್ನೂ ಹತ್ತಿರದಿಂದ ನೋಡಿ. ಅಂಚು ಕಪ್ಪು, ಕಂದು ಅಥವಾ ಕೆಂಪಾಗಿ, ದಿನದಿಂದ ದಿನಕ್ಕೆ ಒಳಗೆ ಸರಿಯುತ್ತಿದ್ದರೆ ಫಿನ್ ರಾಟ್. ರಾತ್ರಿ ಬೆಳಗಾಗುವುದರೊಳಗೆ ಅರ್ಧಚಂದ್ರಾಕಾರದ ತುಂಡು ಕಾಣೆಯಾಗಿ ಅಂಚು ಶುಭ್ರವಾಗಿದ್ದರೆ ಮೀನು ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿದೆ, ಹಾಫ್‌ಮೂನ್‌ಗಳಲ್ಲಿ ಇದು ಬಹಳ. ನೇರ ಸೀಳಿದ್ದರೆ ಪ್ಲಾಸ್ಟಿಕ್ ಗಿಡಕ್ಕೋ ಚೂಪು ಕಲ್ಲಿಗೋ ಸಿಕ್ಕಿ ಹರಿದದ್ದು. ಇನ್ನು ಅಂಚಿನಲ್ಲಿ ತೆಳುವಾದ, ಬಣ್ಣವಿಲ್ಲದ ಪೊರೆ ಕಂಡರೆ ಅದು ರೋಗವೇ ಅಲ್ಲ, ಹೊಸ ರೆಕ್ಕೆ ಬೆಳೆಯುತ್ತಿರುವುದು. ಇದನ್ನು ಬಿಳಿ ಫಂಗಸ್ ಎಂದುಕೊಂಡು ಗುಣವಾಗುತ್ತಿರುವ ಮೀನಿಗೆ ಮತ್ತೆ ಔಷಧಿ ಸುರಿಯುವುದನ್ನು ಈ ವೇದಿಕೆಯಲ್ಲೇ ಎಷ್ಟೋ ಸಲ ನೋಡಬಹುದು.

ನೀರಿನ ಅಮೋನಿಯಾ, ನೈಟ್ರೈಟ್, ಪಿಎಚ್, ಉಷ್ಣತೆ ನಾಲ್ಕನ್ನೂ ಅಳೆದು ಇಲ್ಲಿ ಹಾಕಿ. ನೀರಿಗೆ ಅದ್ದಿ ನೋಡುವ ಕಾಗದದ ಪಟ್ಟಿಗಿಂತ ಹನಿ ಹಾಕಿ ನೋಡುವ ದ್ರವದ ಕಿಟ್ ನಂಬಿಕಸ್ಥ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಫಿಲ್ಟರ್ ಇಲ್ಲದ ಬೌಲಿನಲ್ಲಿ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆ ನಿಲ್ಲುವುದು ಕಲ್ಲು, ಗಾಜಿನ ಮೇಲೆ ಮಾತ್ರ. ವಾರವಾರ ಅದನ್ನೂ ಉಜ್ಜಿ ತೊಳೆದರೆ ಏನೂ ಉಳಿಯುವುದಿಲ್ಲ. ಫಲಿತಾಂಶ ಬರುವವರೆಗೆ ದಿನಕ್ಕೆ ಮೂರನೇ ಒಂದು ಪಾಲು ನೀರು ಬದಲಿಸಿ, ಊಟ ನಿಲ್ಲಿಸಿ. ಬೆಟ್ಟಾಗೆ ಎರಡು ಮೂರು ದಿನದ ಉಪವಾಸದಿಂದ ಏನೂ ಆಗುವುದಿಲ್ಲ.

ತುಂಗಾತೀರ:

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಆರ್‌ಒ ನೀರು ನಮಗೆ ಶುದ್ಧ, ಮೀನಿಗೆ ಬಡಕಲು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚುಕಡಿಮೆ ಇರುವುದಿಲ್ಲ, ಪಿಎಚ್ ಹಿಡಿದು ನಿಲ್ಲಿಸುವ ಕಾರ್ಬೊನೇಟೂ ಇರುವುದಿಲ್ಲ. ಮೀನಿನ ಕೊಳೆಯಿಂದ ಆಮ್ಲ ಹುಟ್ಟಿದಾಗ ಪಿಎಚ್ ತಡೆಯಿಲ್ಲದೆ ಕೆಳಗಿಳಿಯುತ್ತೆ. ಅರ್ಧ ಆರ್‌ಒ, ಅರ್ಧ ನಲ್ಲಿ ನೀರು ಬೆರೆಸಿದರೆ ಬೆಟ್ಟಾಗೆ ಸಾಕು. ಪಿಎಚ್ 6.5ರಿಂದ 7.5ರ ನಡುವೆ ಎಲ್ಲಿದ್ದರೂ ನಡೆಯುತ್ತೆ, ದಿನಕ್ಕೊಂದು ಥರ ಆಗಬಾರದು ಅಷ್ಟೆ.

ಆದರೆ ಒಂದೇ ಸಲಕ್ಕೆ ಬದಲಿಸಬೇಡಿ. ಅಮೋನಿಯಾ ಪರೀಕ್ಷೆ ತೋರಿಸುವುದು ಒಟ್ಟು ಮೊತ್ತ. ಅದರಲ್ಲಿ ನಿಜವಾದ ವಿಷ ಎಷ್ಟು ಎಂಬುದು ಪಿಎಚ್ ಮೇಲೆ ನಿಂತಿದೆ. 28 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಶೇಕಡಾ 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದೇ ಪಾಲು ಶೇಕಡಾ 6 ದಾಟುತ್ತೆ. ಬೆಂಗಳೂರಿನ ಬೋರ್‌ವೆಲ್, ಟ್ಯಾಂಕರ್ ನೀರು ಬಹಳ ಕಡೆ ಗಡಸು, ಪಿಎಚ್ ಕೂಡ ಮೇಲೆ. ಆಮ್ಲವಾಗಿರುವ ಹಳೆ ಬೌಲಿಗೆ ಇಂಥ ನೀರನ್ನು ಅರ್ಧಕ್ಕರ್ಧ ಸುರಿದರೆ, ಅಲ್ಲಿವರೆಗೆ ತಡೆದುಕೊಂಡಿದ್ದ ಮೀನು ನೀರು ಬದಲಿಸಿದ ಒಂದೆರಡು ಗಂಟೆಯಲ್ಲೇ ಹೋಗಿಬಿಡಬಹುದು. ಹೊಸ ನೀರು ಹಾಕಿದ್ದಕ್ಕೇ ಸತ್ತಿತು ಎಂದು ಜನ ತಬ್ಬಿಬ್ಬಾಗುವುದು ಇದಕ್ಕೇ. ಒಂದೇ ಉಪಾಯ, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆರಡು ಸಲ ಬದಲಿಸಿ.

ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ದುಬಾರಿ ಬಾಟಲಿಯೇ ಬೇಕೆಂದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಹೈಪೋ ಎಂದು ಕೇಳಿದರೆ ಸೋಡಿಯಂ ಥಯೋಸಲ್ಫೇಟ್ ಹರಳು ಕೊಡುತ್ತಾರೆ. 10 ಗ್ರಾಂ ಹರಳನ್ನು 100 ಮಿಲಿ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ. 10 ಲೀಟರ್ ನೀರಿಗೆ ಅದರಲ್ಲಿ 1 ಮಿಲಿ. 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಕ್ಲೋರಿನ್ ಇರುವ ನೀರಿಗೆ ಇದು ಧಾರಾಳ ಸಾಕು. ಅಳೆಯಲು ಸೂಜಿ ತೆಗೆದ ಸಿರಿಂಜ್ ಬಳಸಿ.

ಬಾದಾಮಿ ಎಲೆಯ ಬಗ್ಗೆ ಯಾರಾದರೂ ಹೇಳುತ್ತಾರೆ, ಅದಕ್ಕೆ ಮೊದಲೇ ಬರೆದುಬಿಡುತ್ತೇನೆ. ನಮ್ಮ ರಸ್ತೆ ಬದಿಯ, ಶಾಲೆ ಅಂಗಳದ ಕಾಡುಬಾದಾಮಿ ಮರವೇ ಇದು. ತಾನಾಗಿ ಕೆಂಪಾಗಿ ಉದುರಿ ಒಣಗಿದ ಎಲೆಯಾಗಬೇಕು, ಹಸಿರೆಲೆ ಬೇಡ. ತೊಳೆದು, ಅಂಗೈಯಗಲದ ಒಂದೆಲೆಯನ್ನು 20 ಲೀಟರಿಗೆ ಹಾಕಿ. ಟ್ಯಾನಿನ್ ಬಿಟ್ಟು ನೀರು ಚಹಾ ಬಣ್ಣಕ್ಕೆ ತಿರುಗುತ್ತೆ, ಮೀನು ನಿರಾಳವಾಗುತ್ತೆ, ಸಣ್ಣಪುಟ್ಟ ಸೋಂಕಿಗೆ ತಡೆಯೂ ಹೌದು. ವೆಲ್ವೆಟ್ಟಿಗೆ, ಮುಂದುವರಿದ ಫಿನ್ ರಾಟ್‌ಗೆ ಇದು ಮದ್ದಲ್ಲ. ನೀರಿಗೆ ಅರಿಶಿನ ಕಲಸುವುದಂತೂ ಬೇಡವೇ ಬೇಡ, ಕರಗದೆ ಕಿವಿರಿನ ಮೇಲೆ ಕೂರುತ್ತೆ.

ಸಣ್ಣತೊಟ್ಟಿ:

ತುಂಬಾ ಉಪಕಾರವಾಯಿತು. ಟಾರ್ಚ್ ಹಿಡಿದು ನೋಡಿದೆ. ತಲೆಯ ಹಿಂದೆ, ಬೆನ್ನಿನ ಮೇಲೆ ಹಳದಿ ಕಂದು ಧೂಳು ಸ್ಪಷ್ಟವಾಗಿದೆ, ಎದೆ ರೆಕ್ಕೆಯ ಮೇಲೂ ಇದೆ. ಅಮೋನಿಯಾ 1 ಪಿಪಿಎಂ, ನೈಟ್ರೈಟ್ 0, ಪಿಎಚ್ 6.4, ಉಷ್ಣತೆ 22 ಡಿಗ್ರಿ. 25 ವ್ಯಾಟ್ ಹೀಟರ್, ಥರ್ಮಾಮೀಟರ್, 15 ಲೀಟರಿನ ಪ್ಲಾಸ್ಟಿಕ್ ಟಬ್ ತಂದಿದ್ದೇನೆ. ಮುಂದೇನು ಹೇಳಿ. ನಮ್ಮೂರ ಕಡೆ ತೋಟಕ್ಕೆ ತಂದ ಮೈಲುತುತ್ತ ಇದೆ, ತಾಮ್ರ ವೆಲ್ವೆಟ್ಟಿಗೆ ಒಳ್ಳೆಯದು ಎಂದು ಓದಿದೆ, ಅದು ಆಗುತ್ತಾ?

ಗುಳ್ಳೆಗೂಡು:

ವೆಲ್ವೆಟ್ ಖಚಿತ, ಜೊತೆಗೆ ಅಮೋನಿಯಾದ ಹೊಡೆತ. ಬಾಲದ ಅಂಚು ಸವೆದಿರುವುದು ಇವೆರಡರ ಬೆನ್ನಿಗೆ ಬಂದ ಸೋಂಕು. ಸದ್ಯಕ್ಕೆ ಅದರ ಚಿಂತೆ ಬಿಡಿ, ನೀರು ಚೊಕ್ಕವಾದರೆ ಅರ್ಧ ಅದೇ ವಾಸಿಯಾಗುತ್ತೆ.

ಮೈಲುತುತ್ತ ಮುಟ್ಟಬೇಡಿ. ತಾಮ್ರ ವೆಲ್ವೆಟ್ಟನ್ನು ಕೊಲ್ಲುತ್ತೆ ಎಂಬುದು ನಿಜ, ಆದರೆ ಬೇಕಾದ ಮಟ್ಟ ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ ತಾಮ್ರ. ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ. ಅಂದರೆ 10 ಲೀಟರ್ ಟಬ್ಬಿಗೆ 6ರಿಂದ 8 ಮಿಲಿಗ್ರಾಂ. ಮನೆಯ ತಕ್ಕಡಿಯಲ್ಲಿ ಇದು ಮುಳ್ಳನ್ನೇ ಅಲ್ಲಾಡಿಸುವುದಿಲ್ಲ. ಒಂದು ಚಿಟಿಕೆ ಎಂದರೆ ಅದರ ಹತ್ತಾರು ಪಟ್ಟು. ಮೇಲಾಗಿ ನಿಮ್ಮದು ಆರ್‌ಒ ನೀರು, ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಹೆಚ್ಚು. ತೋಟಕ್ಕೆ ತಂದದ್ದರಲ್ಲಿ ಬೇರೆ ಲೋಹದ ಕಲ್ಮಶವೂ ಇರುತ್ತೆ. ತಾಮ್ರ ಬಳಸುವುದಾದರೆ ಅಕ್ವೇರಿಯಂ ಔಷಧಿಯೇ ಆಗಬೇಕು, ಪಕ್ಕದಲ್ಲಿ ತಾಮ್ರ ಅಳೆಯುವ ಕಿಟ್ ಇರಲೇಬೇಕು.

ಹೀಗೆ ಮಾಡಿ. ಟಬ್ಬಿಗೆ ಸರಿಯಾಗಿ 10 ಲೀಟರ್ ನೀರು ಅಳೆದು ಹಾಕಿ, ನೀರಿನ ಮಟ್ಟಕ್ಕೆ ಹೊರಗಿನಿಂದ ಮಾರ್ಕರ್ ಗೆರೆ ಎಳೆಯಿರಿ. ಮೂರನೇ ಎರಡು ಪಾಲು ಆರ್‌ಒ, ಒಂದು ಪಾಲು ಕ್ಲೋರಿನ್ ತೆಗೆದ ನಲ್ಲಿ ನೀರು. ಕಲ್ಲು, ಮರಳು ಯಾವುದೂ ಬೇಡ. ವೆಲ್ವೆಟ್ಟಿನ ಗೂಡುಗಳು ಕೂರುವುದು ಅಲ್ಲೇ, ಬರಿ ತಳವಾದರೆ ಪೈಪಿನಲ್ಲಿ ಎಳೆದು ತೆಗೆಯಬಹುದು. ನೀರು 22 ಡಿಗ್ರಿಯಲ್ಲಿರುವಾಗಲೇ ಮೀನನ್ನು ಲೋಟದಲ್ಲಿ ಹಿಡಿದು ತನ್ನಿ, ಬಲೆ ಬೇಡ, ಚರ್ಮ ಮೊದಲೇ ಗಾಯವಾಗಿದೆ. ಟಬ್ಬಿನ ನೀರನ್ನು ಐದೈದು ನಿಮಿಷಕ್ಕೊಮ್ಮೆ ಲೋಟಕ್ಕೆ ಸ್ವಲ್ಪ ಸ್ವಲ್ಪ ಸೇರಿಸುತ್ತ ಮುಕ್ಕಾಲು ಗಂಟೆಯಲ್ಲಿ ಟಬ್ಬಿಗೆ ಬಿಡಿ. ಆಮೇಲೆ ಹೀಟರ್ ಹಚ್ಚಿ ದಿನಕ್ಕೆ 2 ಡಿಗ್ರಿಯಂತೆ ಏರಿಸುತ್ತ 28ಕ್ಕೆ ತಂದು ನಿಲ್ಲಿಸಿ. ಬಿಸಿಯಲ್ಲಿ ಪರಾವಲಂಬಿಯ ಜೀವನಚಕ್ರ ಬೇಗ ತಿರುಗುತ್ತೆ, ಔಷಧಿಗೆ ಬೇಗ ಸಿಗುತ್ತೆ. ಹೀಟರ್ ಪೂರ್ತಿ ಮುಳುಗಿರಬೇಕು, ಪ್ಲಾಸ್ಟಿಕ್ಕಿಗೆ ತಾಗಬಾರದು. ನೀರು ತೆಗೆಯುವ ಹತ್ತು ನಿಮಿಷ ಮೊದಲೇ ಪ್ಲಗ್ ಕಿತ್ತಿಡಿ. ನೀರಿನಿಂದ ಹೊರಗೆ ಉರಿದ ಹೀಟರಿನ ಗಾಜು ಒಡೆದರೆ ಕರೆಂಟು ನೀರಿಗೇ ಹರಿಯುತ್ತೆ.

ಉಪ್ಪು ಲೀಟರಿಗೆ 2 ಗ್ರಾಂ. ಅಂದರೆ ಮೊದಲ ದಿನ 10 ಗ್ರಾಂ, ಹನ್ನೆರಡು ಗಂಟೆ ಬಿಟ್ಟು ಇನ್ನೊಂದು 10 ಗ್ರಾಂ. ಲೋಟದಲ್ಲಿ ಪೂರ್ತಿ ಕರಗಿಸಿ ಸುರಿಯಿರಿ, ಹರಳು ಮೀನಿನ ಮೈಗೆ ತಾಗಿದರೆ ಸುಡುತ್ತೆ. ಮಾಮೂಲಿ ಕಲ್ಲುಪ್ಪು ಸಾಕು, ಅದರಲ್ಲಿರುವ ಅಯೋಡಿನ್ ತೀರಾ ಅಲ್ಪ, ತೊಂದರೆಯಿಲ್ಲ. ಚಮಚದ ಲೆಕ್ಕ ನಂಬಬೇಡಿ. ಪುಡಿ ಉಪ್ಪು ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ ತೂಗುತ್ತೆ, ಕಲ್ಲುಪ್ಪು ಅದಕ್ಕಿಂತ ಕಡಿಮೆ. ತೂಕ ಮಾಡಿ. ಇನ್ನೊಂದು, ನೀರು ಆವಿಯಾದರೆ ಉಪ್ಪು ಆವಿಯಾಗುವುದಿಲ್ಲ. ಗೆರೆಗಿಂತ ಇಳಿದ ನೀರನ್ನು ಸಪ್ಪೆ ನೀರಿನಿಂದಲೇ ತುಂಬಿಸಿ. ತೆಗೆದು ಹಾಕಿದ ನೀರಿನ ಪಾಲಿಗೆ ಮಾತ್ರ ಉಪ್ಪು ಸೇರಿಸಿ.

ಔಷಧಿಗೆ ಮ್ಯಾಲಕೈಟ್ ಗ್ರೀನ್ ಇರುವ ಪರಾವಲಂಬಿ ನಾಶಕ ಯಾವುದಾದರೂ ಆದೀತು, ಲೇಬಲ್ಲಿನಲ್ಲಿ ವೆಲ್ವೆಟ್ ಎಂದು ಬರೆದಿರಬೇಕು. ಅಳತೆ ಲೇಬಲ್ಲಿನದೇ, 10 ಲೀಟರಿಗೆ ಲೆಕ್ಕ ಹಾಕಿ. ಕೈಗವಸು ಹಾಕಿಕೊಳ್ಳಿ, ಮ್ಯಾಲಕೈಟ್ ಗ್ರೀನ್ ನಮ್ಮ ಆರೋಗ್ಯಕ್ಕೂ ಒಳ್ಳೆಯದಲ್ಲ. ಅದು ಸಿಗುವವರೆಗೆ ನಿಮ್ಮ ಹತ್ತಿರದ ನೀಲಿ ಬಾಟಲಿ ಉಪಯೋಗಕ್ಕೆ ಬರುತ್ತೆ, ಬಲ ಕಡಿಮೆ ಅಷ್ಟೆ. ಮೆಥಿಲೀನ್ ಬ್ಲೂ ಲೀಟರಿಗೆ 2 ಮಿಲಿಗ್ರಾಂ ಬೇಕು. ಬಾಟಲಿಯ ಮೇಲೆ 1 ಶೇಕಡಾ ಎಂದಿದ್ದರೆ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ ಇದೆ, 10 ಲೀಟರಿಗೆ 2 ಮಿಲಿ. ಸಾಂದ್ರತೆಯೇ ಬರೆಯದ ಬಾಟಲಿಯಾದರೆ ಅದರ ಲೇಬಲ್ ಹೇಳಿದಷ್ಟೇ ಹಾಕಿ, ಮ್ಯಾಲಕೈಟ್ ಗ್ರೀನ್ ಸಿಕ್ಕ ಮೇಲೆ ಎರಡನ್ನೂ ಮಾತ್ರ ಬೆರೆಸಬೇಡಿ.

ಟಬ್ಬಿನ ಸುತ್ತ ದಪ್ಪ ಕಪ್ಪು ಬಟ್ಟೆ ಸುತ್ತಿ. ಈ ಪರಾವಲಂಬಿಗೆ ಗಿಡಗಳ ಹಾಗೆ ಹರಿತ್ತು ಇದೆ, ಬೆಳಕಿನಿಂದಲೂ ಆಹಾರ ಮಾಡಿಕೊಳ್ಳುತ್ತೆ. ಕತ್ತಲೆಯೊಂದೇ ಕೊಲ್ಲುವುದಿಲ್ಲ, ಬಡವಾಗಿಸುತ್ತೆ. ಬಟ್ಟೆ ನೀರಿನ ಮೇಲೆ ಮಲಗದಂತೆ ನೋಡಿ. ಬೆಟ್ಟಾ ಕಿವಿರಿನ ಜೊತೆಗೆ ಮೇಲಿನ ಗಾಳಿಯನ್ನೂ ಉಸಿರಾಡುವ ಮೀನು, ನಾಲ್ಕು ಬೆರಳಷ್ಟು ಗಾಳಿ ಜಾಗ ಬೇಕು.

ಪ್ರತಿದಿನ 3 ಲೀಟರ್ ನೀರನ್ನು ತಳದಿಂದ ಎಳೆದು ತೆಗೆದು, ಅದೇ ಉಷ್ಣತೆಯ 3 ಲೀಟರ್ ಹೊಸ ನೀರಿಗೆ 6 ಗ್ರಾಂ ಉಪ್ಪು, 3 ಲೀಟರಿನ ಪಾಲಿನ ಔಷಧಿ ಬೆರೆಸಿ ಹಾಕಿ. ಔಷಧಿಯ ಲೇಬಲ್ ಬೇರೆ ಅಂತರ ಹೇಳಿದ್ದರೆ ಅದನ್ನು ಪಾಲಿಸಿ. ಟಬ್ಬಿನಲ್ಲಿ ಫಿಲ್ಟರ್ ಇಲ್ಲವಾದ್ದರಿಂದ ಈ ನೀರು ಬದಲಾವಣೆಯೇ ಅಮೋನಿಯಾಕ್ಕೆ ಇರುವ ಏಕೈಕ ದಾರಿ, ಒಂದು ದಿನವೂ ತಪ್ಪಿಸುವಂತಿಲ್ಲ. ಧೂಳು ನಾಲ್ಕೈದು ದಿನಕ್ಕೇ ಮಾಯವಾದೀತು. ಅಲ್ಲಿಗೆ ನಿಲ್ಲಿಸಬೇಡಿ, 14 ದಿನ ಪೂರ್ತಿ ಮಾಡಿ. ಮೀನಿನ ಮೈ ಬಿಟ್ಟು ಕೆಳಗೆ ಬಿದ್ದದ್ದು ಗೂಡು ಕಟ್ಟಿಕೊಂಡು ಒಳಗೊಳಗೇ ಒಡೆದು ನೂರಾರು ಮರಿಗಳಾಗಿ ಹೊರಬರುತ್ತೆ. ಗೂಡಿನೊಳಗಿರುವುದಕ್ಕೂ ಮೈಗೆ ಕಚ್ಚಿರುವುದಕ್ಕೂ ಔಷಧಿ ತಾಗುವುದಿಲ್ಲ, ಹೊರಬಂದು ಈಜುವ ಮರಿಗಳಿಗೆ ಮಾತ್ರ ತಾಗುತ್ತೆ. ಮಧ್ಯದಲ್ಲಿ ಬಿಟ್ಟರೆ ಎರಡನೇ ಸುತ್ತು ಮೊದಲಿಗಿಂತ ಜೋರಾಗಿ ಬರುತ್ತೆ.

ನೇತ್ರಾವತಿ ದಂಡೆ:

ಈ ಮೀನಿಗೆ 28 ಡಿಗ್ರಿ ಸರಿ, ಒಪ್ಪುತ್ತೇನೆ. ಆದರೆ ಇದನ್ನು ಓದಿದ ಬೇರೆಯವರು ಬೆಟ್ಟಾಗೆ ಕಾಯಿಲೆ ಅಂದಕೂಡಲೇ ಹೀಟರ್ ಏರಿಸಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಬಾಯಿಯ ಸುತ್ತ ಅಥವಾ ಬೆನ್ನಿನ ಮೇಲೆ ಬೂದು ಬಿಳಿ ತೇಪೆ, ಕೆಲವೊಮ್ಮೆ ಬೆನ್ನಿನಿಂದ ಎರಡೂ ಪಕ್ಕಕ್ಕೆ ಇಳಿಬಿದ್ದ ಪಟ್ಟಿ, ಅಂಚಿನಲ್ಲಿ ಹಳದಿ ಛಾಯೆ ಇದ್ದರೆ ಅದು ಕಾಲಮ್ನಾರಿಸ್. ಫ್ಲೇವೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತೆ, ಬಿಸಿಯಾದಷ್ಟೂ ವೇಗ. 30 ಡಿಗ್ರಿಗೆ ಏರಿಸಿದರೆ ಒಂದೆರಡು ದಿನದಲ್ಲೇ ಮೀನು ಮುಗಿಯುತ್ತೆ. ಇಲ್ಲಿ ನಿಧಾನವಾಗಿ 24ಕ್ಕೆ ಇಳಿಸಬೇಕು. ಜನ ಇದನ್ನು ಫಂಗಸ್ ಎಂದು ತಪ್ಪು ತಿಳಿಯುತ್ತಾರೆ. ನಿಜವಾದ ಫಂಗಸ್ ಹತ್ತಿಯ ಎಳೆಯಾಗಿ ಮೈಯಿಂದ ಹೊರಕ್ಕೆ ಎದ್ದಿರುತ್ತೆ, ಹಳೆ ಗಾಯದ ಮೇಲೆ ಬೆಳೆಯುತ್ತೆ, ನಿಧಾನ. ಕಾಲಮ್ನಾರಿಸ್ ಚಪ್ಪಟೆ, ಬೆಳಿಗ್ಗೆ ಇದ್ದದ್ದು ಸಂಜೆಗೆ ಹರಡಿರುತ್ತೆ.

ಟೆಟ್ರಾಸೈಕ್ಲಿನ್ ಕ್ಯಾಪ್ಸೂಲಿನ ಮಾತು. ಪರಾವಲಂಬಿಗೆ ಆ್ಯಂಟಿಬಯೋಟಿಕ್ ಏನೂ ಮಾಡುವುದಿಲ್ಲ, ಹಾಗಾಗಿ ಇಲ್ಲಿ ಅದಕ್ಕೆ ಕೆಲಸವೇ ಇಲ್ಲ. ಬ್ಯಾಕ್ಟೀರಿಯಾ ಕಾಯಿಲೆಯಲ್ಲೂ ಅದು ನಮ್ಮ ಗಡಸು ನೀರಿನಲ್ಲಿ ಸೋಲುತ್ತೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಔಷಧಿಯನ್ನು ಕಟ್ಟಿಹಾಕಿ ಮೀನಿನ ಮೈಗೆ ಸೇರಲು ಬಿಡುವುದಿಲ್ಲ. ನೀರು ಕಂದು ನೊರೆಯಾಗುತ್ತೆ, ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತೆ, ಅಮೋನಿಯಾ ಏರುತ್ತೆ. ಮೂಲ ಕಾಯಿಲೆಗಿಂತ ಅದೇ ಮೀನನ್ನು ಕೊಲ್ಲುವ ಸಾಧ್ಯತೆ ಹೆಚ್ಚು. ಫಿನ್ ರಾಟ್ ಬುಡದವರೆಗೆ ಬಂದು ಮೈಗೆ ಹತ್ತಿದಾಗ, ಕಾಲಮ್ನಾರಿಸ್‌ನಲ್ಲಿ ಆ್ಯಂಟಿಬಯೋಟಿಕ್ ನಿಜವಾಗಿ ಬೇಕಾಗುತ್ತೆ. ಆಗ ಮೀನಿಗೆಂದೇ ಮಾಡಿದ ಕನಾಮೈಸಿನ್‌ನಂಥದ್ದನ್ನು, ಸಾಧ್ಯವಾದರೆ ಪಶುವೈದ್ಯರನ್ನು ಕೇಳಿ, ಹೇಳಿದಷ್ಟು ದಿನ ಪೂರ್ತಿ ಬಳಸಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಯಾವ ಔಷಧಿಯಾದರೂ ಮೊದಲು ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಹಾಕಿದ ಔಷಧಿಯನ್ನೆಲ್ಲ ಅದೇ ಹೀರುತ್ತೆ. ಮಂಗಳೂರು ಸುತ್ತಮುತ್ತ ಇರುವವರು ಮೀನುಗಾರಿಕಾ ಕಾಲೇಜಿನಲ್ಲಿ ವಿಚಾರಿಸಬಹುದು, ಮೀನಿನ ರೋಗದ ಬಗ್ಗೆ ಓದಿಕೊಂಡವರು ಅಲ್ಲಿದ್ದಾರೆ.

ಮೀನು ದಿನೇ ದಿನೇ ಬಡಕಲಾಗಿ, ಬೆನ್ನು ಬಾಗಿ, ವಾಸಿಯಾಗದ ಹುಣ್ಣು ಎದ್ದಿದ್ದರೆ ಕೈಯಲ್ಲಿ ಗಾಯ ಇಟ್ಟುಕೊಂಡು ತೊಟ್ಟಿಗೆ ಕೈ ಹಾಕಬೇಡಿ. ಮೀನಿನ ಕ್ಷಯದ ಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ಹತ್ತುತ್ತೆ.

ಮಲ್ಲಿಗೆಕೆರೆ:

ಇದೇ ಎಳೆಯಲ್ಲಿ ಕೇಳಬಹುದಾ? ಹೆಣ್ಣು ಬೆಟ್ಟಾ, 20 ಲೀಟರ್ ಟ್ಯಾಂಕ್, ಸ್ಪಂಜ್ ಫಿಲ್ಟರ್, 27 ಡಿಗ್ರಿ, ಅಮೋನಿಯಾ ಸೊನ್ನೆ. ಹೊಟ್ಟೆ ಉಬ್ಬಿದೆ, ಈಜುವಾಗ ಹಿಂಭಾಗ ಮೇಲೇಳುತ್ತೆ. ಡ್ರಾಪ್ಸಿ ಇರಬಹುದಾ ಎಂಬ ಭಯ. ಬಟಾಣಿ ಬೇಯಿಸಿ ಕೊಡಿ ಎನ್ನುತ್ತಿದ್ದಾರೆ.

ಗುಳ್ಳೆಗೂಡು:

ಮೇಡಂ, ಮೇಲಿನಿಂದ ನೋಡಿ. ಡ್ರಾಪ್ಸಿಯಾದರೆ ಹುರುಪೆಗಳು ಮೈಯಿಂದ ಹೊರಕ್ಕೆ ನಿಗುರಿ ನಿಂತಿರುತ್ತವೆ, ಎರಡೂ ಪಕ್ಕ ಒಂದೇ ಸಮ. ಹುರುಪೆ ಮೈಗೆ ಅಂಟಿಕೊಂಡೇ ಇದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಮಲಬದ್ಧತೆ ಅಥವಾ ಮೊಟ್ಟೆ. ಮೊಟ್ಟೆಯಾದರೆ ಹೊಟ್ಟೆಯ ಅಡಿಯಲ್ಲಿ ಚಿಕ್ಕ ಬಿಳಿ ಚುಕ್ಕೆ ಚಾಚಿರುತ್ತೆ, ಊಟ ಓಡಾಟ ಎಲ್ಲ ಎಂದಿನಂತೆ ಇರುತ್ತೆ. ನಿಮ್ಮದು ಹಿಂಭಾಗ ತೇಲುತ್ತಿರುವುದರಿಂದ ಮಲಬದ್ಧತೆಯೇ ಹೆಚ್ಚು ಸಂಭವ.

ಬಟಾಣಿ ಬೇಡ. ಬೆಟ್ಟಾ ಹುಳ ಹುಪ್ಪಟೆ ತಿನ್ನುವ ಮೀನು, ಕಾಳಿನ ಪಿಷ್ಟ ಅದರ ಕರುಳಿಗೆ ಒಗ್ಗುವುದಿಲ್ಲ. ಮೂರು ದಿನ ಏನೂ ಕೊಡಬೇಡಿ. ಆಮೇಲೆ ಡಾಫ್ನಿಯಾ ಎಂಬ ನೀರಿನ ಪುಟ್ಟ ಜೀವಿಯನ್ನು ಕೊಡಿ, ಜೀವಂತ ಅಥವಾ ಫ್ರೋಜನ್. ಅದರ ಸಿಪ್ಪೆಯೇ ನಾರಿನ ಕೆಲಸ ಮಾಡಿ ಕರುಳು ಸಡಿಲಿಸುತ್ತೆ. ಆಗಲೂ ಮಲ ಬೀಳದಿದ್ದರೆ ಮೆಡಿಕಲ್ ಶಾಪಿನ ಎಪ್ಸಂ ಉಪ್ಪು, ಅಂದರೆ ಮೆಗ್ನೀಸಿಯಂ ಸಲ್ಫೇಟ್. 4 ಲೀಟರಿಗೆ 5 ಗ್ರಾಂ ಕರಗಿಸಿದ ಬೇರೆ ಪಾತ್ರೆಯಲ್ಲಿ, ಅದೇ ಉಷ್ಣತೆಯಲ್ಲಿ, ಹದಿನೈದು ನಿಮಿಷ. ಮೀನು ಪಕ್ಕಕ್ಕೆ ವಾಲಿದರೆ ತಕ್ಷಣ ತೆಗೆಯಿರಿ. ಇದು ಅಡುಗೆ ಉಪ್ಪಲ್ಲ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಮುಂದೆ ಹೊತ್ತಿಗೆ ಎರಡು ಮೂರು ಪೆಲೆಟ್ ಸಾಕು, ಮೊದಲು ನೀರಿನಲ್ಲಿ ನೆನೆಸಿ ಕೊಡಿ. ಅದರ ಹೊಟ್ಟೆ ಸುಮಾರು ಅದರ ಕಣ್ಣಿನಷ್ಟೇ ದೊಡ್ಡದು. ಮೇಲೆ ಪ್ರಶ್ನೆ ಕೇಳಿದವರೂ ಐದೈದರಿಂದ ಇಳಿಸಬೇಕು.

ಹುರುಪೆ ನಿಗುರಿದ್ದೇ ಆದರೆ ಸುಳ್ಳು ಧೈರ್ಯ ಹೇಳಲಾರೆ. ಡ್ರಾಪ್ಸಿ ಒಂದು ಕಾಯಿಲೆಯಲ್ಲ, ಮೂತ್ರಪಿಂಡ ಸೋತು ಮೈಯಲ್ಲಿ ನೀರು ತುಂಬಿದ್ದರ ಗುರುತು. ಆ ಹೊತ್ತಿಗೆ ಒಳಗಿನ ಸೋಂಕು ಬಹಳ ಮುಂದುವರಿದಿರುತ್ತೆ, ಉಳಿಯುವುದು ಕಡಿಮೆ. ಎಪ್ಸಂ ಉಪ್ಪು ಊತ ತಗ್ಗಿಸಿ ಹಿಂಸೆ ಕಡಿಮೆ ಮಾಡುತ್ತೆ, ಜೊತೆಗೆ ಆ್ಯಂಟಿಬಯೋಟಿಕ್ ಬೇಕು. ತಿನ್ನುತ್ತಿರುವವರೆಗೆ ಪ್ರಯತ್ನ ಬಿಡಬೇಡಿ. ತಿನ್ನದೆ, ಏಳಲಾಗದೆ, ಕಣ್ಣು ಉಬ್ಬಿ ನರಳುತ್ತಿದ್ದರೆ ಲವಂಗದ ಎಣ್ಣೆ ನೋವಿಲ್ಲದ ದಾರಿ. ಒಂದು ಲೀಟರ್ ಟ್ಯಾಂಕ್ ನೀರಿಗೆ ಅರ್ಧ ಮಿಲಿಯಷ್ಟು. ಎಣ್ಣೆಯನ್ನು ಮೊದಲು ಚಿಕ್ಕ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿನೊಂದಿಗೆ ಬಿಳಿಯಾಗುವವರೆಗೆ ಕುಲುಕಿ, ಮೀನಿರುವ ಪಾತ್ರೆಗೆ ನಿಧಾನವಾಗಿ ಸುರಿಯಿರಿ. ಕಿವಿರು ಆಡುವುದು ನಿಂತ ಮೇಲೂ ಅರ್ಧ ಗಂಟೆ ಬಿಡಿ. ಫ್ರಿಜ್ಜಿನಲ್ಲಿಡುವುದು, ಟಾಯ್ಲೆಟ್ಟಿಗೆ ಬಿಡುವುದು, ಕೆರೆಗೆ ಬಿಡುವುದು ಯಾವುದೂ ದಯೆಯಲ್ಲ, ಕೊನೆಯದರಿಂದ ಕೆರೆಯ ಮೀನಿಗೂ ರೋಗ ಹೋಗುತ್ತೆ.

ಸಣ್ಣತೊಟ್ಟಿ:

ಧೂಳು ಈಗ ಕಾಣುತ್ತಿಲ್ಲ. ರೆಕ್ಕೆ ಬಿಚ್ಚಿದೆ, ನೆನೆಸಿದ ಪೆಲೆಟ್ ಎರಡು ತಿಂದಿತು. ಔಷಧಿ ಮುಂದುವರಿಸುತ್ತಿದ್ದೇನೆ. ಹಳೆ ಬೌಲನ್ನು ಶುದ್ಧ ಮಾಡಿ ಮತ್ತೆ ಬಳಸಬಹುದಾ? ಉಪ್ಪು ಯಾವಾಗ ನಿಲ್ಲಿಸಬೇಕು?

ತುಂಗಾತೀರ:

ಒಳ್ಳೆಯ ಸುದ್ದಿ. 14 ದಿನ ಮುಗಿದ ಮೇಲೆ ಉಪ್ಪನ್ನು ಒಮ್ಮೆಲೇ ತೆಗೆಯಬೇಡಿ. ದಿನಕ್ಕೆ 3 ಲೀಟರಿನಂತೆ ಸಪ್ಪೆ ನೀರು ಬದಲಿಸುತ್ತ ಹೋದರೆ ನಾಲ್ಕೈದು ದಿನದಲ್ಲಿ ತಾನೇ ಇಳಿಯುತ್ತೆ.

ಬೌಲ್ ಬಿಡಿ ಸರ್, ಅದರಲ್ಲಿ ಗಿಡ ಬೆಳೆಸಿ. ಕನಿಷ್ಠ 20 ಲೀಟರಿನ ಟ್ಯಾಂಕ್, ಸ್ಪಂಜ್ ಫಿಲ್ಟರ್, ಗಾಳಿಪಂಪಿನ ಪೈಪಿಗೊಂದು ವಾಲ್ವ್. ಹಾಫ್‌ಮೂನ್‌ನ ಬಾಲ ಭಾರ, ಗುಳ್ಳೆ ಜೋರಾದರೆ ಸೆಳೆತಕ್ಕೆ ದಣಿದು ಬಾಲ ಕಚ್ಚಿಕೊಳ್ಳಲು ಶುರು ಮಾಡುತ್ತೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15-16 ಡಿಗ್ರಿಗೆ ಇಳಿಯುವುದರಿಂದ ಹೀಟರ್ ಅಲ್ಲೂ ಬೇಕು. 25 ವ್ಯಾಟಿನದು 20 ಲೀಟರಿಗೆ ಸಾಲದೆ ಹೋದರೆ 50 ವ್ಯಾಟಿನದು ತನ್ನಿ, ಮೇಲೆ ಮುಚ್ಚಳ ಇರಲಿ. ಮುಚ್ಚಳವಿದ್ದರೆ ನೀರಿನ ಮೇಲಿನ ಗಾಳಿಯೂ ಬೆಚ್ಚಗಿರುತ್ತೆ, ಅದು ಕುಡಿಯುವುದು ಆ ಗಾಳಿಯನ್ನೇ.

ಮೀನು ಬಿಡುವ ಮೊದಲು ಟ್ಯಾಂಕ್ ಸೈಕಲ್ ಆಗಬೇಕು, ಅಂದರೆ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಅಲ್ಲಿ ನೆಲೆ ನಿಲ್ಲಬೇಕು. ದ್ರವ ಅಮೋನಿಯಾ ಹನಿ ಹಾಕಿ 2 ಪಿಪಿಎಂ ಮಾಡಿ, ಎರಡು ಮೂರು ದಿನಕ್ಕೊಮ್ಮೆ ಅಳೆಯುತ್ತಿರಿ. ಮೊದಲು ನೈಟ್ರೈಟ್ ಏರುತ್ತೆ, ಆಮೇಲೆ ಅದೂ ಇಳಿದು ನೈಟ್ರೇಟ್ ಬರುತ್ತೆ. ಹಾಕಿದ 2 ಪಿಪಿಎಂ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ಸಿದ್ಧ. ನಾಲ್ಕರಿಂದ ಆರು ವಾರ ಹಿಡಿಯುತ್ತೆ. ಪೂರ್ತಿ ಆರ್‌ಒ ನೀರಿನಲ್ಲಿ ಮಾಡಿದರೆ ಪಿಎಚ್ ಕುಸಿದು ಸೈಕಲ್ ಅರ್ಧಕ್ಕೇ ನಿಲ್ಲುತ್ತೆ, ಇಲ್ಲೂ ನಲ್ಲಿ ನೀರು ಬೆರೆಸಿ. ರೋಗವಿಲ್ಲದ ಟ್ಯಾಂಕಿನ ಹಳೆ ಸ್ಪಂಜ್ ತುಂಡು ಯಾರಾದರೂ ಕೊಟ್ಟರೆ ಅವಧಿ ಅರ್ಧಕ್ಕಿಳಿಯುತ್ತೆ. ಅಲ್ಲಿಯವರೆಗೆ ಮೀನು ಟಬ್ಬಿನಲ್ಲೇ ಇರಲಿ. ಊಟ ಶುರುವಾಗಿರುವುದರಿಂದ ಅಮೋನಿಯಾವನ್ನು ದಿನವೂ ಅಳೆಯಿರಿ, 0.25 ದಾಟಿದ ದಿನ ನೀರು ಎರಡು ಸಲ ಬದಲಿಸಿ.

ಹಳೆ ಕಲ್ಲು, ಲೋಟ, ಬಲೆ, ಪೈಪು ಎಲ್ಲವನ್ನೂ 1 ಪಾಲು ಮನೆಬಳಕೆಯ ಬ್ಲೀಚ್ ದ್ರವಕ್ಕೆ 20 ಪಾಲು ನೀರು ಬೆರೆಸಿ ಹದಿನೈದು ನಿಮಿಷ ನೆನೆಸಿ. ಸುಗಂಧ, ಸೋಪು ಸೇರಿದ ಬ್ಲೀಚ್ ಆಗದು. ಮೂರು ಸಲ ತೊಳೆದು, ಹೈಪೋ ಜಾಸ್ತಿ ಹಾಕಿದ ನೀರಿನಲ್ಲಿ ಅದ್ದಿ, ಬ್ಲೀಚ್ ವಾಸನೆ ಪೂರ್ತಿ ಹೋಗಿದೆಯೇ ಎಂದು ಮೂಸಿ ನೋಡಿ. ಮೂರು ದಿನ ಬಿಸಿಲಿನಲ್ಲಿ ಗರಿಗರಿ ಒಣಗಿಸಿ. ಬಲೆಯ ಹೊಲಿಗೆಯ ಸಂದಿಯಲ್ಲಿ ತೇವ ಉಳಿಯದಂತೆ ಒಳಹೊರಗು ತಿರುಗಿಸಿ ಹರವಿ.